ಹೊಳೆ ಕಡೆಯ ತಗ್ಗು ಜಾಗದಲ್ಲಿ ವಿಮಾನ ನಿಲ್ದಾಣ ಕಟ್ಟುವುದು ಸರಿಯಾ?

ಹೊಳೆಸಾಲು

ಎಲ್ಲರಿಗೂ ನಮಸ್ಕಾರ. ನಾನು ಹರಿಹರ ತಾಲೂಕಿನವನು, ಕೆಲಸ ದಾವಣಗೆರೆಯಲ್ಲಿ. ದಾವಣಗೆರೆಗೆ ವಿಮಾನ ನಿಲ್ದಾಣ ಬೇಕು ಅನ್ನುವ ಮಾತು ಹೊಸದೇನಲ್ಲ. ಚುನಾವಣೆ ಬಂದಾಗ ಎದ್ದು ಕೂರುತ್ತದೆ, ಆಮೇಲೆ ಹಾಗೇ ಮಲಗುತ್ತದೆ. ಈಗ ನಮ್ಮ ಕಡೆ ಅದಕ್ಕೊಂದು ಬಾಲ ಸೇರಿಕೊಂಡಿದೆ. ಜಮೀನು ವ್ಯಾಪಾರ ಮಾಡಿಸುವ ಇಬ್ಬರು ಊರಿಗೆ ಬಂದು ತುಂಗಭದ್ರಾ ಹೊಳೆ ಕಡೆಯ ಗದ್ದೆ ಬಯಲು ತೋರಿಸಿ, "ಜಾಗ ಸಪಾಟಾಗಿದೆ, ಹೈವೇ ಹತ್ತಿರ, ಬಂದರೆ ಇಲ್ಲೇ ಬರೋದು" ಅಂತ ಹೇಳಿ ಹೋದರು. ನಮ್ಮೂರಿಗೆ ಯಾವ ನೋಟಿಸೂ ಬಂದಿಲ್ಲ, ಸರ್ವೆಯವರ ಮುಖವನ್ನೂ ನಾವು ನೋಡಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಷ್ಟೇ. ಆದರೂ ಊರಲ್ಲಿ ಈಗ ಅದೇ ಮಾತು.

ನಮ್ಮದೂ ಅಲ್ಲಿ ಎರಡು ಎಕರೆ ಚಿಲ್ಲರೆ ಗದ್ದೆ ಇದೆ. ಹೊಳೆಗೆ ಮೋಟರ್ ಇಟ್ಟು ಎರಡು ಬೆಳೆ ಭತ್ತ ತೆಗೆಯುತ್ತೇವೆ. 2019ರ ಆಗಸ್ಟ್‌ನಲ್ಲಿ ಹೊಳೆ ಏರಿದಾಗ ಮೋಟರ್ ಬಿಚ್ಚಿ ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಬಂದೆವು, ಸ್ಟಾರ್ಟರ್ ಡಬ್ಬಿ ಬಿಚ್ಚಲು ಟೈಮ್ ಸಿಗಲಿಲ್ಲ. ನೀರು ಇಳಿದ ಮೇಲೆ ಡಬ್ಬಿಯ ಬಾಗಿಲು ತೆಗೆದರೆ ಒಳಗೆ ಕೆಸರು ಗಟ್ಟಿಯಾಗಿ ಕೂತಿತ್ತು, ಒಂದು ಸಣ್ಣ ಏಡಿ ಬೇರೆ. ನಾಟಿ ಮಾಡಿದ ಪೈರು ಎಲ್ಲಿ ಹೋಯಿತೋ ಗೊತ್ತಿಲ್ಲ, ಗದ್ದೆ ತುಂಬ ಬರೀ ಹೂಳು. ಉಕ್ಕಡಗಾತ್ರಿಗೆ ಹೋಗುವ ರಸ್ತೆ ಮುಳುಗಿತು ಅಂತ ಮಳೆಗಾಲದಲ್ಲಿ ಪೇಪರಿನಲ್ಲಿ ಓದುತ್ತೀರಲ್ಲ, ಅದೇ ಹೊಳೆ.

ನನ್ನ ಪ್ರಶ್ನೆ ಜಮೀನು ಮಾರುವುದರ ಬಗ್ಗೆ ಅಲ್ಲ. ಇಂಥ ಜಾಗದಲ್ಲಿ ನೂರಾರು ಕೋಟಿ ಸುರಿದು ನಿಲ್ದಾಣ ಕಟ್ಟುವುದು ಆಗುವ ಮಾತಾ? ಚಿಕ್ಕಪ್ಪನ ಮಗ "ಈಗಿನವರು ಸಮುದ್ರದ ಮೇಲೇ ಕಟ್ಟುತ್ತಾರೆ, ನಿಮ್ಮ ಹೊಳೆ ಯಾವ ಲೆಕ್ಕ" ಅನ್ನುತ್ತಾನೆ. ಅಪ್ಪ ಕೇಳಿ ನಕ್ಕುಬಿಟ್ಟರು, ಮುಂದೆ ಮಾತೇ ಆಡಲಿಲ್ಲ. ತಿಳಿದವರು ಹೇಳಿ.

ಮಂಡಕ್ಕಿ ಭಟ್ಟಿ

ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಸರಿ ಅಣ್ಣ. ಹೊಳೆ ಹೊಳೆ ಅಂತ ಕೂತರೆ ನಮ್ಮ ಜಿಲ್ಲೆಗೆ ಏನೂ ಬರಲ್ಲ. 1997ರಲ್ಲಿ ಜಿಲ್ಲೆ ಆದೆವು, ಎರಡು ಮೆಡಿಕಲ್ ಕಾಲೇಜು ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಬಟ್ಟೆ ವ್ಯಾಪಾರ ಇದೆ, ಚನ್ನಗಿರಿ ಕಡೆ ಅಡಿಕೆ ದುಡ್ಡು ಇದೆ. ವಿಮಾನ ಮಾತ್ರ ಪಕ್ಕದವರಿಗೆ. ಶಿವಮೊಗ್ಗದವರಿಗೆ 2023ರಲ್ಲಿ ಸುಮಾರು 450 ಕೋಟಿಯಲ್ಲಿ ಕಟ್ಟಿಕೊಟ್ಟರು, 3.2 ಕಿಲೋಮೀಟರ್ ರನ್‌ವೇ. ಹುಬ್ಬಳ್ಳಿಗೆ ಇದೆ, ಕಲಬುರಗಿಗೆ ಇದೆ, ಬೀದರ್‌ಗೆ ಇದೆ. ನಾವು ಮಾತ್ರ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ಕೈ ಬೀಸಬೇಕಾ?

ಕೊಚ್ಚಿ ನಿಲ್ದಾಣ ಏನು ಬೆಟ್ಟದ ಮೇಲಿದೆಯಾ? ಗದ್ದೆ ಬಯಲಲ್ಲೇ ಕಟ್ಟಿದ್ದು. ಇವತ್ತು ದೇಶದ ದೊಡ್ಡ ನಿಲ್ದಾಣಗಳಲ್ಲಿ ಒಂದು. ಜಪಾನಿನವರು ಕನ್ಸಾಯ್‌ನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ದ್ವೀಪ ಮಾಡಿ ಅದರ ಮೇಲೆ ಕಟ್ಟಿದರು. ನಾಲ್ಕು ಅಡಿ ನೀರು ಬಂದರೆ ಮಣ್ಣು ಏರಿಸಿದರಾಯಿತು, ಪಂಪ್ ಇಟ್ಟರಾಯಿತು. ಕೆಲಸ ಮಾಡುವವರಿಗೆ ದಾರಿ ಇರುತ್ತದೆ, ಬೇಡ ಅನ್ನುವವರಿಗೆ ನೆಪ ಇರುತ್ತದೆ.

ಸಿವಿಲ್ ಮೇಷ್ಟ್ರು

ಮಂಡಕ್ಕಿ ಅವರೇ, ನೀವು ಕೊಟ್ಟ ಎರಡೂ ಉದಾಹರಣೆ ನಿಮಗೇ ತಿರುಗಿ ಬೀಳುತ್ತವೆ, ಸ್ವಲ್ಪ ಸಮಾಧಾನವಾಗಿ ಕೇಳಿ.

ಕೊಚ್ಚಿ ನಿಲ್ದಾಣ ಶುರುವಾದದ್ದು 1999ರಲ್ಲಿ. ನೆಡುಂಬಾಶ್ಶೇರಿಯ ಗದ್ದೆ ಬಯಲು, ಪಕ್ಕದಲ್ಲಿ ಪೆರಿಯಾರ್ ನದಿ. ಚೆಂಗಲ್ ತೋಡು ಅಂತ ಒಂದು ಹಳ್ಳ ಆ ಬಯಲಿನ ನೀರನ್ನು ಒಯ್ಯುತ್ತಿತ್ತು, ರನ್‌ವೇ ಬಂದು ಅದರ ದಾರಿಗೆ ಅಡ್ಡ ಕೂತಿತು. 2018ರ ನೆರೆಯಲ್ಲಿ ಆಗಸ್ಟ್ 15ರಂದು ಮುಚ್ಚಿದ ನಿಲ್ದಾಣ ತೆರೆದದ್ದು 29ಕ್ಕೆ. ಎರಡು ವಾರ ಒಂದು ವಿಮಾನವೂ ಇಳಿಯಲಿಲ್ಲ. ಕಾಂಪೌಂಡ್ ಗೋಡೆ ಕಿಲೋಮೀಟರ್‌ಗಟ್ಟಲೆ ಬಿದ್ದುಹೋಯಿತು, ಸೋಲಾರ್ ಪ್ಯಾನಲ್‌ಗಳು ಹಾಳಾದವು. ನೌಕಾಪಡೆಯ ಹಳೆಯ ನೆಲೆಯಲ್ಲಿ ಸಣ್ಣ ವಿಮಾನ ಇಳಿಸಿ ಹೇಗೋ ಸುಧಾರಿಸಿದರು. ಅದಾಗಿ ಒಂದೇ ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಮತ್ತೆ ಮುಚ್ಚಬೇಕಾಯಿತು. ಆಮೇಲೆ ಹಳ್ಳ ಸರಿ ಮಾಡಲು, ಸೇತುವೆ ಕಟ್ಟಲು, ಪಂಪ್ ಇಡಲು ಬೇರೆ ಕೋಟಿಗಳು ಹೋದವು. ಕೊಚ್ಚಿಗೆ ಆ ದುಡ್ಡು ಹುಟ್ಟುತ್ತದೆ, ಯಾಕೆಂದರೆ ಕೊಲ್ಲಿ ದೇಶಗಳಿಗೆ ಹೋಗಿಬರುವ ಲಕ್ಷಾಂತರ ಜನ ಅದಕ್ಕಿದ್ದಾರೆ. ನಮಗೆ ಯಾರಿದ್ದಾರೆ?

ಕನ್ಸಾಯ್ 1994ರದ್ದು. ತುಂಬಿದ ಮಣ್ಣು ಇವತ್ತಿಗೂ ಕುಸಿಯುತ್ತಲೇ ಇದೆ, ಒಟ್ಟು 10 ಮೀಟರ್‌ಗಿಂತ ಜಾಸ್ತಿ ಇಳಿದಿದೆ. 2018ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಂದಾಗ ರನ್‌ವೇ ಮೇಲೆ ಸಮುದ್ರ ಹತ್ತಿತು, ಒಂದು ಹಡಗು ಹೋಗಿ ಸೇತುವೆಗೇ ಗುದ್ದಿತು, ಸಾವಿರಾರು ಜನ ರಾತ್ರಿಯೆಲ್ಲ ಒಳಗೇ ಸಿಕ್ಕಿಕೊಂಡರು. ಜಪಾನಿಗೆ ಬೇರೆ ಜಾಗ ಇರಲಿಲ್ಲ, ಹಾಗಾಗಿ ಸಮುದ್ರಕ್ಕೆ ಹೋದರು. ನಮ್ಮ ಜಿಲ್ಲೆಯಲ್ಲಿ ದಿಬ್ಬಕ್ಕೆ ಬರ ಬಂದಿದೆಯಾ?

ಈಗ "ಮಣ್ಣು ಏರಿಸಿದರಾಯಿತು" ಅಂದಿರಲ್ಲ, ಅದಕ್ಕೆ ಬರುತ್ತೇನೆ. ಬೇಡ ಬೇಡ ಅಂದರೂ 3 ಕಿಲೋಮೀಟರ್ ರನ್‌ವೇ ಅಂತ ಇಟ್ಟುಕೊಳ್ಳಿ. ರನ್‌ವೇ ಅಂದರೆ ಬರೀ ಡಾಂಬರು ಪಟ್ಟಿ ಅಲ್ಲ, ಅದರ ಎರಡೂ ಪಕ್ಕ ಖಾಲಿ ಸಪಾಟು ಜಾಗ ಬಿಡಬೇಕು, ಎಲ್ಲ ಸೇರಿ ಅಗಲ 280 ಮೀಟರ್. ಅಷ್ಟನ್ನು ಬರೀ 2 ಮೀಟರ್ ಎತ್ತರಿಸಲು ಸುಮಾರು 16.8 ಲಕ್ಷ ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಹಿಡಿದರೂ 1.68 ಲಕ್ಷ ಲೋಡ್ ಆಯಿತು. ಟರ್ಮಿನಲ್, ವಿಮಾನ ನಿಲ್ಲುವ ಜಾಗ, ರಸ್ತೆ ಇದರಲ್ಲಿ ಸೇರಿಲ್ಲ. ಇಷ್ಟು ಗರಸು ತರಲು ಯಾವ ಗುಡ್ಡ ಕರಗಿಸುತ್ತೀರಿ?

ಕೆಳಗಿನ ಮಣ್ಣೂ ನೋಡಬೇಕು. ನಮ್ಮ ಕಡೆ ಎರೆ ಮಣ್ಣು ಜಾಸ್ತಿ. ಏಪ್ರಿಲ್‌ನಲ್ಲಿ ಎರೆ ಹೊಲಕ್ಕೆ ಹೋಗಿ ನೋಡಿ, ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಎರಡು ಹದ ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಹೀಗೆ ಉಬ್ಬಿ ಕುಗ್ಗುವ ನೆಲದ ಮೇಲೆ ಹಾಕಿದ ಹಳ್ಳಿ ರಸ್ತೆ ಎರಡು ವರ್ಷಕ್ಕೆ ಅಲೆ ಅಲೆ ಆಗುವುದನ್ನು ನಾವೆಲ್ಲ ಸೊಂಟದಲ್ಲಿ ಅನುಭವಿಸಿದ್ದೇವೆ. ರನ್‌ವೇಯಲ್ಲಿ ಹಾಗೆ ಆಗುವಂತಿಲ್ಲ. ಎರೆ ತೆಗೆದು ಗರಸು ತುಂಬಬೇಕು, ಇಲ್ಲ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು. ಆಗದ ಕೆಲಸ ಅಲ್ಲ, ಖರ್ಚಿನ ಕೆಲಸ.

ಇನ್ನು ಪಂಪ್. ರನ್‌ವೇ ನೀರನ್ನು ಚರಂಡಿ ಮಾಡಿ ಎಲ್ಲಿಗೆ ಬಿಡುತ್ತೀರಿ? ಹೊಳೆಗೆ ತಾನೇ? ಹೊಳೆಯೇ ತುಂಬಿ ನಿಂತಿರುವಾಗ ಚರಂಡಿ ನೀರು ಮುಂದೆ ಹೋಗುವುದಿಲ್ಲ, ಹಿಂದಕ್ಕೆ ಬರುತ್ತದೆ. ನಮ್ಮ ಹೊಳೆಯ ಕತೆ ಇನ್ನೂ ಬೇರೆ. ಮಳೆ ಹೊಡೆಯುವುದು ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ. ಗಾಜನೂರಿನ ತುಂಗಾ ಅಣೆಕಟ್ಟು ಸಣ್ಣದು, ಮುಂಗಾರು ಶುರುವಾದ ಸ್ವಲ್ಪ ದಿನಕ್ಕೇ ತುಂಬಿ ಬಂದಷ್ಟೂ ನೀರು ಹೊರಗೆ ಬಿಡುತ್ತಾರೆ. ಲಕ್ಕವಳ್ಳಿಯ ಭದ್ರಾ ದೊಡ್ಡದು, 71.5 ಟಿಎಂಸಿ, ಸುಮಾರು ದಿನ ತಡೆಯುತ್ತದೆ, ಆದರೆ 186 ಅಡಿ ಹತ್ತಿರ ಬಂದ ಮೇಲೆ ಅದರದ್ದೂ ಗೇಟು ಎತ್ತಲೇಬೇಕು. ಎರಡೂ ಕೂಡಲಿಯಲ್ಲಿ ಸೇರಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುವ ಹೊತ್ತಿಗೆ ಇಲ್ಲಿ ಬಿಸಿಲು ಕಾಯುತ್ತಿರುತ್ತದೆ, ಹೊಳೆ ಮಾತ್ರ ದಡ ಮೀರಿರುತ್ತದೆ. ನಮ್ಮ ಮಳೆ ಲೆಕ್ಕ ಹಿಡಿದು ಚರಂಡಿ ಡಿಸೈನ್ ಮಾಡಿದರೆ ಏನು ಉಪಯೋಗ?

ಹೊಳೆಸಾಲು

ಮೇಷ್ಟ್ರೇ, ಒಂದು ಸಂಶಯ. ದುಡ್ಡು ಎಷ್ಟಾದರೂ ಸರಿ ಅಂತ ಏರಿಸಿಯೇಬಿಟ್ಟರು ಅಂದುಕೊಳ್ಳಿ. ಆಗ ಅಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗುತ್ತದೆ?

ಸಿವಿಲ್ ಮೇಷ್ಟ್ರು

ಪಕ್ಕದ ಊರಿಗೆ. ಇದನ್ನು ಯಾರೂ ಮೊದಲು ಕೇಳುವುದಿಲ್ಲ. ನವಿ ಮುಂಬೈಯಲ್ಲಿ ಇದೇ ಆಯಿತು. ಗುಡ್ಡ ಒಡೆದು, ಉಲ್ವೆ ನದಿಯನ್ನು ತಿರುಗಿಸಿ, ತಗ್ಗು ಜಾಗವನ್ನೆಲ್ಲ ಎತ್ತರಿಸಿದರು. 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯೂ ಆಯಿತು, ಮೊದಲ ಹಂತಕ್ಕೇ ಸುಮಾರು 19,650 ಕೋಟಿ. ಆದರೆ ಮಣ್ಣು ತುಂಬಿದ ವರ್ಷಗಳಲ್ಲಿ ಅಂಚಿನಲ್ಲಿದ್ದ ಡುಂಗಿ ಅನ್ನುವ ಹಳ್ಳಿಗೆ ಮಳೆಗಾಲದಲ್ಲಿ ನೀರು ನುಗ್ಗಿತು. ನಿಲ್ದಾಣ ಒಣಗಿರುತ್ತದೆ, ಬೇಲಿ ಆಚೆಯವರು ಮುಳುಗುತ್ತಾರೆ. ಹರಿಹರದ ಗಂಗಾನಗರ, ಹೊನ್ನಾಳಿಯ ಬಾಲರಾಜ್ ಘಾಟ್‌ನವರಿಗೆ ಈಗಲೇ ಹೊಳೆ ಬಂದರೆ ಕಾಳಜಿ ಕೇಂದ್ರವೇ ಗತಿ. ನೀರು ಹರಡಿಕೊಳ್ಳುವ ಬಯಲನ್ನು ಮೇಲೆತ್ತಿದರೆ ಹತ್ತಿರದ ತಗ್ಗಿನ ಕೇರಿಗಳಲ್ಲಿ ಇನ್ನಷ್ಟು ಏರುತ್ತದೆ, ಅಷ್ಟೇ ಲೆಕ್ಕ.

ಇನ್ನೊಂದು ಮರೆತಿದ್ದೆ. ಹಕ್ಕಿ. ಕೇಜ್ ವೀಲ್ ಹಾಕಿ ಗದ್ದೆ ರೊಳ್ಳೆ ಹೊಡೆಯುವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಎಷ್ಟು ಬರುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸುತ್ತ ಭತ್ತದ ಗದ್ದೆ, ಈ ಕಡೆ ದೇವರಬೆಳಕೆರೆ ಪಿಕಪ್ ಅಣೆಕಟ್ಟು, ಆ ಕಡೆ ಕೊಂಡಜ್ಜಿ ಕೆರೆ. ವಿಮಾನದ ಎಂಜಿನ್‌ಗೆ ಹಕ್ಕಿ ಹೊಡೆದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಕೋಟೆ ಹುಡುಗ

ಚಿತ್ರದುರ್ಗದಿಂದ ಒಂದು ಮಾತು. "ನಾನು ಹುಟ್ಟಿದಾಗಿನಿಂದ ಈ ಜಾಗಕ್ಕೆ ನೀರು ಬಂದಿಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಮ್ಮ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿಸಿದ್ದು. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಅಷ್ಟರಲ್ಲಿ ಎರಡು ತಲೆಮಾರು ಅದು ತುಂಬುವುದೇ ಇಲ್ಲ ಅಂತ ತೀರ್ಮಾನ ಮಾಡಿಕೊಂಡು ವೇದಾವತಿ ಪಕ್ಕದಲ್ಲಿ ತೋಟ, ಮನೆ, ರಸ್ತೆ ಎಲ್ಲ ಮಾಡಿಕೊಂಡಿತ್ತು. ಕೋಡಿ ನೋಡಲು ಜಾತ್ರೆ ಥರ ಜನ ಹೋದರು, ನಾನೂ ಹೋಗಿದ್ದೆ. ಕೆಳಗಿನ ತೋಟದವರ ಪಾಡು ಕೇಳುವವರು ಕಡಿಮೆ ಇದ್ದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಬರದ ಜಿಲ್ಲೆಯಲ್ಲೇ ಹೀಗಾದರೆ ತುಂಗಭದ್ರೆ ದಂಡೆಯಲ್ಲಿ ಏನು ಗ್ಯಾರಂಟಿ?

ಹೊಳೆಯೇ ಇಲ್ಲದ ಕಡೆಯೂ ನೋಡಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಎತ್ತರದ ಜಾಗದಲ್ಲಿದೆ. 2021ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ಮಳೆಗೆ ಟರ್ಮಿನಲ್ ಮುಂದೆ ನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಒಳಗೆ ಹೋದರು. ವಿಡಿಯೋ ಎಲ್ಲರೂ ನೋಡಿದ್ದೀರಿ.

ದುಡ್ಡಿನ ಮಾತಿಗೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್‌ನಲ್ಲಿ ಓದಿದರು, ಅದನ್ನು ಕೇಳಿ ಕೇಳಿ ನಮ್ಮವರ ಗಂಟಲು ಒಣಗಿದೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ 2011-12ರ ಹೊತ್ತಿಗೆ ಮಂಜೂರಾಗಿದ್ದು. ಅದೊಂದು ಮುಗಿದರೆ ಈಗಿನ ಹಾಗೆ ಅರಸೀಕೆರೆ, ಬೀರೂರು ಸುತ್ತಬೇಕಾಗಿಲ್ಲ. ಈಗಿನ ಸುತ್ತು ದಾರಿಯಲ್ಲೇ ವಂದೇ ಭಾರತ್ ಬೆಂಗಳೂರಿನಿಂದ ನಿಮ್ಮೂರಿಗೆ ಮೂರೂವರೆ ನಾಲ್ಕು ಗಂಟೆಗೆ ಬರುತ್ತದೆ. ವಿಮಾನಕ್ಕೆ ಅಂತ ಮನೆ ಬಿಟ್ಟು, ಚೆಕಿಂಗ್ ಮುಗಿಸಿ, ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ ಸೇರುವಷ್ಟರಲ್ಲಿ ಅದೇ ಟೈಮ್ ಆಗುತ್ತದೆ. ಮೆಕ್ಕೆಜೋಳ, ಭತ್ತ, ಅಡಿಕೆ ಯಾವುದೂ ವಿಮಾನದಲ್ಲಿ ಹೋಗುವ ಮಾಲಲ್ಲ.

ಮಂಡಕ್ಕಿ ಭಟ್ಟಿ

ಬೆಂಗಳೂರಿಗೆ ಹೋಗಲು ಯಾರು ವಿಮಾನ ಕೇಳಿದರು ಗುರು? ಹೈದರಾಬಾದ್, ಮುಂಬೈ, ದೆಹಲಿಗೆ ಬೇಕು. ನಮ್ಮ ಅಕ್ಕನ ಮಗ ಹೈದರಾಬಾದ್‌ನಲ್ಲಿದ್ದಾನೆ. ಹಬ್ಬಕ್ಕೆ ಬಂದು ಹೋಗಲು ಎರಡು ದಿನ ದಾರಿಯಲ್ಲೇ ಕಳೆಯುತ್ತಾನೆ. ಕಂಪನಿಯವರು ದಾವಣಗೆರೆಗೆ ಯಾಕೆ ಬರಲ್ಲ ಅಂದರೆ ಮೊದಲು ಕೇಳುವುದೇ ಏರ್‌ಪೋರ್ಟ್ ಎಷ್ಟು ದೂರ ಅಂತ. ರೈಲು ಬೇಡ ಅಂತ ನಾನು ಎಲ್ಲಿ ಅಂದೆ? ಅದೂ ಬರಲಿ, ಇದೂ ಬರಲಿ. ಭದ್ರಾ ಮೇಲ್ದಂಡೆಗೆ ದುಡ್ಡು ಬಂದಿಲ್ಲ ಅಂದರೆ ಅದಕ್ಕೆ ನಮ್ಮ ನಿಲ್ದಾಣವನ್ನು ಯಾಕೆ ಹೊಣೆ ಮಾಡುತ್ತೀರಿ?

ಮೇಷ್ಟ್ರ ಟಿಪ್ಪರ್ ಲೆಕ್ಕ ಒಪ್ಪುತ್ತೇನೆ. ಹೊಳೆ ಕಡೆ ಬೇಡ ಅಂದರೆ ಬೇಡ. ನಿಲ್ದಾಣವೇ ಬೇಡ ಅಂದರೆ ಮಾತ್ರ ಕೇಳಲ್ಲ.

ದಫ್ತರ್ ಅಕ್ಕ

ನಾನು ಇಷ್ಟು ವರ್ಷ ಕಾಗದಪತ್ರದ ಕೆಲಸದಲ್ಲೇ ಇದ್ದವಳು. ಅದರ ಕಡೆಯಿಂದ ಒಂದೆರಡು ಹೇಳುತ್ತೇನೆ.

ಕೇಂದ್ರದ ಹೊಸ ನಿಲ್ದಾಣಗಳ ನೀತಿ 2008ರದ್ದು. ಈಗಿರುವ ನಾಗರಿಕ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಹೊಸದು ಸುಲಭಕ್ಕೆ ಬರುವುದಿಲ್ಲ, ಹಳೆಯದರ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ಪ್ರತ್ಯೇಕವಾಗಿ ನೋಡಿ ತೀರ್ಮಾನಿಸಬೇಕು. ನಮಗೆ ಶಿವಮೊಗ್ಗ ನೂರು ಕಿಲೋಮೀಟರ್ ಒಳಗೇ ಇದೆ. ಬಾಗಿಲು ಮುಚ್ಚಿದೆ ಅಂತಲ್ಲ, ಆದರೆ ಶಿವಮೊಗ್ಗದ ವಿಮಾನಕ್ಕೆ ಹತ್ತುವ ಜನವನ್ನೇ ನಾವೂ ಹಂಚಿಕೊಳ್ಳಬೇಕು. ಮಂಡಕ್ಕಿ ಅಣ್ಣ, ಬೀದರ್ ಹೆಸರು ಹೇಳಿದಿರಿ. ಅಲ್ಲಿ 2020ರಲ್ಲಿ ಶುರುವಾದ ವಿಮಾನ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, ಈಚೆಗೆ ಪುನಃ ಶುರುವಾದದ್ದು. ಸಣ್ಣ ಊರುಗಳಿಗೆ ವಿಮಾನ ಓಡಿಸಲು ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, 2023ರಲ್ಲಿ ವರದಿ ಕೊಟ್ಟಿದೆ. ಅದು ನೋಡಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಮೂರು ವರ್ಷದ ಸಹಾಯಧನ ಮುಗಿದ ಮೇಲೂ ಓಡುತ್ತಿದ್ದದ್ದು 54. ಕಟ್ಟಡಕ್ಕೆ ಟೇಪು ಕತ್ತರಿಸುವುದು ಸುಲಭ, ಸೀಟು ತುಂಬಿಸುವುದು ಕಷ್ಟ.

ಹೊಳೆಸಾಲು ತಮ್ಮ, ನಿನಗೆ ಬೇಕಾದದ್ದು ಇದು. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ನೀರಾವರಿ ಇರುವ, ಎರಡು ಬೆಳೆ ಬರುವ ಜಮೀನನ್ನು ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಮುಟ್ಟಬೇಕು. ನಿಲ್ದಾಣಕ್ಕೆ ಪರಿಸರ ಅನುಮತಿ ಬೇಕು, ಅದರಲ್ಲಿ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ. ಅಲ್ಲಿ ಹೋಗಿ "ಇಲ್ಲಿಗೆ 2019ರಲ್ಲಿ ಇಷ್ಟು ನೀರು ಬಂದಿತ್ತು" ಅಂತ ಬರೆಸಬೇಕು. ಫೋಟೋ, ಬೆಳೆ ಪರಿಹಾರದ ಕಾಗದ ಇದ್ದರೆ ಎತ್ತಿಟ್ಟುಕೊಳ್ಳಿ. ಮುಖ್ಯವಾದದ್ದು, ಆ ಇಬ್ಬರು ತರುವ ಯಾವ ಅಗ್ರಿಮೆಂಟ್‌ಗೂ ಸಹಿ ಹಾಕಬೇಡಿ. ನಾಳೆ ನಿಲ್ದಾಣ ನಿಜವಾಗಿಯೂ ಬಂದರೆ ಪರಿಹಾರ ಸೇರುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಬರದಿದ್ದರೆ ಅಡ್ವಾನ್ಸ್ ಕೊಟ್ಟವನು ನಿಮ್ಮ ಮನೆ ಬಾಗಿಲಲ್ಲಿ ಕೂರುತ್ತಾನೆ.

ಚೆನ್ನೈ ಕತೆಯನ್ನೂ ನೋಡಿ. ಅಲ್ಲಿನ ಹಳೆಯ ನಿಲ್ದಾಣದ ಎರಡನೇ ರನ್‌ವೇ ಅಡ್ಯಾರ್ ನದಿಯ ಮೇಲೇ ಸೇತುವೆ ಮಾಡಿ ದಾಟಿಸಿದ್ದು. 2015ರ ಡಿಸೆಂಬರ್‌ನಲ್ಲಿ ಮುಳುಗಿ ದಿನಗಟ್ಟಲೆ ಮುಚ್ಚಿತು, 2023ರ ಡಿಸೆಂಬರ್‌ನಲ್ಲೂ ಮುಚ್ಚಿತು. ಹೊಸದಕ್ಕೆ 2022ರಲ್ಲಿ ಆರಿಸಿದ ಜಾಗ ಪರಂದೂರು, ಆಗಿನ ಅಂದಾಜೇ 20,000 ಕೋಟಿ. ನೋಡಿದರೆ ಅಲ್ಲೂ ಕೆರೆ, ಕಾಲುವೆ, ಗದ್ದೆ. ಅಲ್ಲಿನ ಏಕನಾಪುರ ಅನ್ನುವ ಹಳ್ಳಿಯವರು ಬೇಡ ಅಂತ ವರ್ಷಗಟ್ಟಲೆ ಕೂತರು. ನಮ್ಮಲ್ಲಿ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣದ ರೈತರೂ ಹಾಗೇ ಕೂತು, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಕೈಬಿಟ್ಟಿತು. ಅದು ನಿಲ್ದಾಣಕ್ಕಲ್ಲ, ಏರೋಸ್ಪೇಸ್ ಪಾರ್ಕ್‌ಗೆ ಅಂತ ಕೇಳಿದ್ದ ಜಮೀನು.

ಜಗಳೂರು ಬಯಲು

ಎಲ್ಲರೂ ದಿಬ್ಬ ದಿಬ್ಬ ಅಂದಾಗಲೇ ನಮ್ಮ ಕಡೆ ಕಣ್ಣು ಬೀಳುತ್ತದೆ ಅಂತ ಅಂದುಕೊಂಡೆ. ಇಲ್ಲಿ ಹೊಳೆ ಇಲ್ಲ, ನೆರೆ ಇಲ್ಲ, ಭತ್ತವೂ ಇಲ್ಲ. ಜಾಗ ಬೇಕಾದಷ್ಟಿದೆ ಅಂತ ಹೊರಗಿನವರು ಹೇಳುತ್ತಾರೆ. ಆದರೆ ರಂಗಯ್ಯನದುರ್ಗದಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಕಾಡುಪ್ರಾಣಿ) ಅಭಯಾರಣ್ಯ ಇದೆ, ಅದರ ಸುತ್ತಮುತ್ತ ಹೋಗುವಂತಿಲ್ಲ. ಉಳಿದ ಕಡೆ ಕುರಿ ಮೇಯುವ ಜಾಗವನ್ನು ಯಾರೂ ಜಾಗ ಅಂತಲೇ ಲೆಕ್ಕ ಹಾಕುವುದಿಲ್ಲ, ಖಾಲಿ ಅಂತ ಬರೆದುಬಿಡುತ್ತಾರೆ. ಚಳ್ಳಕೆರೆ ಕಡೆ ಅಮೃತ್ ಮಹಲ್ ಕಾವಲಿಗೆ, ಅಂದರೆ ದನ ಮೇಯುವ ಹುಲ್ಲುಗಾವಲಿಗೆ, ಆದದ್ದು ಅದೇ ಅಲ್ವಾ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಬಂತು, ಇನ್ನೊಂದು ಬಂತು, ಬೇಲಿ ಬಿತ್ತು, ದನ ಕುರಿ ಸುತ್ತು ಹಾಕಿಕೊಂಡು ಹೋಗಬೇಕು. ಅಲ್ಲಿ ರನ್‌ವೇ ಕೂಡ ಇದೆ, ಪೈಲಟ್ ಇಲ್ಲದ ವಿಮಾನ ಪರೀಕ್ಷೆಗೆ.

ಹೊಳೆ ಕಡೆಗಿಂತ ನಮ್ಮ ಕಡೆ ಕಟ್ಟುವುದು ಅಗ್ಗ, ಅದು ನಿಜ. ಬಂದರೆ ಬರಲಿ, ನಾನೇನು ಅಡ್ಡ ಮಲಗುವುದಿಲ್ಲ. ಆದರೆ ನಮ್ಮ 57 ಕೆರೆಗೆ ತುಂಗಭದ್ರೆ ನೀರು ತುಂಬಿಸುವ ಯೋಜನೆಗೆ ಎಷ್ಟು ಪಾದಯಾತ್ರೆ, ಎಷ್ಟು ಸಭೆ ಆಯಿತು ಅಂತ ನೋಡಿದವನಿಗೆ ಏರ್‌ಪೋರ್ಟ್ ಅಂದರೆ ಸುಮ್ನೆ ನಗು ಬರುತ್ತದೆ. ನಿಮಗೆ ಬೇಡವಾದ ನೀರು ನಮಗೆ ಬೇಕು, ನಮಗೆ ಬೇಡವಾದ ಒಣ ನೆಲ ನಿಮಗೆ ಬೇಕು!

ಮಂಡಕ್ಕಿ ಭಟ್ಟಿ

ಜಗಳೂರು ಅಣ್ಣ, ನಾನು ಓಟು ಹಾಕಿದೆ. ಕೆರೆಗೆ ನೀರು, ಪಕ್ಕದಲ್ಲಿ ರನ್‌ವೇ. ಸಿಟಿಯಿಂದ ಐವತ್ತು ಕಿಲೋಮೀಟರ್ ಆದರೂ ಪರವಾಗಿಲ್ಲ, ಬೆಂಗಳೂರಿನವರು ದೇವನಹಳ್ಳಿಗೆ ಹೋಗಲ್ವಾ.

ಹೊಳೆಸಾಲು

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಅಗ್ರಿಮೆಂಟ್ ಮಾತು ಮನೆಯಲ್ಲಿ ಹೇಳಿದ್ದೇನೆ, ಚಿಕ್ಕಪ್ಪನಿಗೂ ಹೇಳಿದೆ. ಅವರು ಆಗಲೇ ಅಡ್ವಾನ್ಸ್ ದುಡ್ಡಲ್ಲಿ ಬೈಕ್ ನೋಡಿಕೊಂಡು ಬಂದಿದ್ದರಂತೆ, ಸದ್ಯ ತಡೆದಿದ್ದಾರೆ. ಮೇಷ್ಟ್ರೇ, ನಮ್ಮ ಗದ್ದೆ ಬಯಲಲ್ಲಿ ಹಳೆಯ ಹಳ್ಳ ಒಂದಿತ್ತು ಅಂತ ಅಪ್ಪ ಹೇಳುತ್ತಾರೆ, ಈಗ ಅರ್ಧ ಒತ್ತುವರಿ ಆಗಿ ಕಾಣುವುದೇ ಇಲ್ಲ. ದಾಖಲೆಯಲ್ಲಿ ಹುಡುಕುವುದು ಹೇಗೆ?

ಸಿವಿಲ್ ಮೇಷ್ಟ್ರು

ಭೂದಾಖಲೆಗಳ ಇಲಾಖೆಯ ವೆಬ್‌ಸೈಟ್‌ನಲ್ಲಿ ಕಂದಾಯ ಗ್ರಾಮ ನಕ್ಷೆ ಸಿಗುತ್ತದೆ, ಜಿಲ್ಲೆ, ತಾಲೂಕು, ಹೋಬಳಿ, ಊರು ಆರಿಸಿ ಇಳಿಸಿಕೊಳ್ಳಿ. ಹಳೆಯ ಸರ್ವೆ ನಕ್ಷೆ ಅದು, ಹಳ್ಳ, ಕಾಲುವೆ, ಬಂಡಿದಾರಿ ಎಲ್ಲ ಗೆರೆ ಹಾಕಿ ತೋರಿಸಿರುತ್ತಾರೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಗದ್ದೆಯಲ್ಲೇ ನಿಂತು ನೋಡಿದರೆ ನೀವು ಯಾವ ಸರ್ವೆ ನಂಬರಿನಲ್ಲಿ ಇದ್ದೀರಿ ಅಂತ ಗೊತ್ತಾಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹಳ್ಳ ಎಲ್ಲಿ ಹಾದುಹೋಗಿತ್ತು ಅಂತ ಗುರುತು ಹಾಕಿ, ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಕ್ಷೆ ಸಿಕ್ಕರೆ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.